ಬೇಲಿಯೇ ಎದ್ದು ಹೊಲ ಮೇಯ್ದರೆ

ಕಾಮಾಲೆಯೆಂದೊಡನೆ ವೈರಸ್ಸಿನ ನೆನಪಾಗುವುದು ಸಹಜ. ಎ ಮೊದಲ್ಗೊಂಡು ಇ ವರೆಗಿನ ಐದು ವೈರಸ್ಸುಗಳು ಪಿತ್ತಜನಕಾಂಗದಲ್ಲಿ ಉರಿಯೂತವನ್ನುಂಟುಮಾಡುತ್ತವೆ. ಆದರೆ ಹೊರಗಿನ ಶತ್ರು ಕಾಣದಿರುವಾಗಲೂ ಈ ಅಂಗವು ನಾಶವಾಗುವುದುಂಟು. ದೇಹವನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೇ ಅದರ ಜೀವಕೋಶಗಳ ಮೇಲೆ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಅವರು 1950ರಲ್ಲಿ ಈ ವ್ಯಾಧಿಯನ್ನು ತರುಣಿಯರಲ್ಲಿ ಗುರುತಿಸಿ ವರ್ಣಿಸಿದರು.

ಬೇಲಿ ಹೀಗೇಕೆ ದಾರಿತಪ್ಪುತ್ತದೆ? ಪ್ರತಿಕಾಯಗಳು ಶತ್ರುವಿನ ಪೂರ್ಣರೂಪವನ್ನಲ್ಲ, ಅದರ ಪ್ರೋಟೀನಿನ ಒಂದು ತುಣುಕನ್ನು ಮಾತ್ರ ಗುರುತಿಸುತ್ತವೆ. ಅಂಥದೇ ತುಣುಕು ನಮ್ಮಲ್ಲಿಯೂ ಇದ್ದರೆ? ಈ ವ್ಯಾಧಿಯ ಎರಡನೆಯ ಬಗೆಯಲ್ಲಿ ಪ್ರತಿಕಾಯಗಳ ಗುರಿ, ಔಷಧಿಗಳನ್ನು ಮಾರ್ಪಡಿಸುವ ಒಂದು ಕಿಣ್ವ. ಅದರ ಅಮೈನೋ ಆಮ್ಲಗಳ ಸರಣಿಯ ಒಂದಂಶವು ಸಿ ವೈರಸ್ಸಿನ ಪ್ರೋಟೀನಿನ ಒಂದಂಶವನ್ನು ಹೋಲುತ್ತದೆ. ಸಿ ವೈರಸ್ಸು ತಗಲಿದ ಕೆಲವರ ರಕ್ತದಲ್ಲಿ ಅದೇ ಪ್ರತಿಕಾಯಗಳು ದೊರೆತಿವೆ.

1991ರಲ್ಲಿ ಇಟಲಿಯ ವೈದ್ಯರು ಇನ್ನೊಂದು ಸುಳಿವನ್ನು ಪ್ರಕಟಿಸಿದರು. ಇಂಥ ರೋಗಿಗಳ 58 ಮಂದಿ ಆರೋಗ್ಯವಂತ ಬಂಧುಗಳನ್ನು ಗಮನಿಸುತ್ತಿದ್ದಾಗ ಮೂವರಿಗೆ ಎ ವೈರಸ್ಸು ತಗಲಿತು. ಐದು ತಿಂಗಳೊಳಗೆ ಅವರಲ್ಲಿ ಇಬ್ಬರು ಈ ವ್ಯಾಧಿಗೆ ತುತ್ತಾದರು. ಸಂಖ್ಯೆ ಅಲ್ಪ, ಇದು ಸಿದ್ಧಾಂತವಲ್ಲ, ಸೂಚನೆ. ಎ ವೈರಸ್ಸು ತಗಲಿದವರಲ್ಲಿ ಬಹುತೇಕ ಎಲ್ಲರೂ ಪೂರ್ಣವಾಗಿ ಗುಣಹೊಂದುತ್ತಾರೆ. ವೈರಸ್ಸು ಕಿಡಿಯಾದರೆ, ಆನುವಂಶಿಕತೆಯು ಒಣಹುಲ್ಲಾಗಿರಬೇಕು.

ಈ ವಿಚಾರವು ಕೇವಲ ಬುದ್ಧಿಯ ಕುತೂಹಲಕ್ಕಲ್ಲ. ಪ್ರೆಡ್ನಿಸೋಲೋನ್ ರಕ್ಷಣಾಶಕ್ತಿಯನ್ನು ತಗ್ಗಿಸಿ ಸ್ವದ್ರೋಹದ ರೋಗಿಯನ್ನು ಉಳಿಸುತ್ತದೆ. ವೈರಸ್ಸಿದ್ದಲ್ಲಿ ಅದೇ ಮದ್ದು ಅದರ ವೃದ್ಧಿಗೆ ದಾರಿಮಾಡಬಹುದು. ಸಿ ವೈರಸ್ಸಿಗೆ ಹಿಂದೆ ಕೊಡುತ್ತಿದ್ದ ಇಂಟರ್‌ಫೆರಾನ್ ರಕ್ಷಣಾಶಕ್ತಿಯನ್ನು ಕೆರಳಿಸಿ, ಕೆಲವರಲ್ಲಿ ಸ್ವದ್ರೋಹವನ್ನೇ ಉಲ್ಬಣಗೊಳಿಸಿತು. ಆದುದರಿಂದ ಮದ್ದನ್ನು ಕೈಗೆತ್ತಿಕೊಳ್ಳುವ ಮೊದಲು ಹೊಲವನ್ನು ಮೇಯ್ದುದು ಹೊರಗಿನ ದನವೋ ಬೇಲಿಯೋ ಎಂಬುದನ್ನು ರಕ್ತಪರೀಕ್ಷೆಯಿಂದಲೂ ಅಂಗದ ತುಣುಕಿನ ಪರೀಕ್ಷೆಯಿಂದಲೂ ನಿರ್ಧರಿಸಲೇಬೇಕು.