ಎಣಿಸಿದರೆ ಸಾಲದು, ಕೇಳಬೇಕು



ದೇಣಿಗೆ ಕೊಡುವಾಗ ತಾವು ನಮ್ಮನ್ನು ಕೇಳುವುದುಂಟು: "ಎಷ್ಟು ಮಕ್ಕಳಿಗೆ ಸಹಾಯವಾಯಿತು?" ನ್ಯಾಯವಾದ ಪ್ರಶ್ನೆಯೇ. ಆದರೆ ಎಚ್.ಐ.ವಿ. ಬಾಧಿತ ಮಕ್ಕಳ ವಿಷಯದಲ್ಲಿ ಬರೀ ಲೆಕ್ಕ ಸಾಲದು.

ಭಾರತ ಸರ್ಕಾರ 2004ರ ಏಪ್ರಿಲ್‌ನಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭಿಸಿತು. 2006ರಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಕಾರ್ಯಕ್ರಮ ಬಂತು. ಹುಟ್ಟಿನಿಂದಲೇ ಸೋಂಕಿರುವ ಎಷ್ಟೋ ಮಕ್ಕಳು ಇದರಿಂದ ಬದುಕುಳಿದು ಇಂದು ದೊಡ್ಡವರಾಗಿದ್ದಾರೆ. ಆದರೆ ಮಾತ್ರೆಯನ್ನು ಜೀವನಪರ್ಯಂತ, ದಿನವೂ ತಪ್ಪದೆ ತೆಗೆದುಕೊಳ್ಳಬೇಕು. ಹದಿಹರೆಯದಲ್ಲಿ ಅದು ತಪ್ಪುವುದು ಹೆಚ್ಚು. ಏಕೆ?

ಆಸ್ಪತ್ರೆಯ ದಾಖಲೆ "ಮಾತ್ರೆ ತಪ್ಪಿದೆ" ಎನ್ನುತ್ತದೆ, ಕಾರಣ ಹೇಳುವುದಿಲ್ಲ. ಕಾರಣ ತಿಳಿಯಲು ಗುಣಾತ್ಮಕ ಸಂಶೋಧನೆ ಬೇಕು. ಇಲ್ಲಿ ಹೌದು-ಇಲ್ಲ ಎಂದು ಗುರುತು ಹಾಕುವ ಪಟ್ಟಿಯಿಲ್ಲ. ಪೋಷಕರ ಜೊತೆಗೆ ಮಗುವಿನ ಒಪ್ಪಿಗೆಯನ್ನೂ ಪಡೆದು, ಏಕಾಂತದಲ್ಲಿ ಕುಳಿತು, "ನಿನ್ನ ದಿನ ಹೇಗಿರುತ್ತೆ, ಹೇಳಪ್ಪ" ಎಂದು ಶುರುಮಾಡುತ್ತಾರೆ. ಮಗುವಿಗೆ ತನ್ನ ಸೋಂಕಿನ ವಿಷಯ ಗೊತ್ತಿಲ್ಲದಿದ್ದರೆ ಆ ಹೆಸರನ್ನೇ ಎತ್ತುವುದಿಲ್ಲ. ಬೇಡವೆನಿಸಿದರೆ ಮಗು ಎದ್ದುಹೋಗಬಹುದು. ಆಮೇಲೆ ಹೆಸರುಗಳನ್ನು ಬದಲಿಸಿ, ಹಲವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳನ್ನು ಹೆಕ್ಕುತ್ತಾರೆ.

ಹೀಗೆ ಕೇಳಿದಾಗ ತಿಳಿಯುವುದೇನು? ಮನೆಯಲ್ಲಿ "ಶಕ್ತಿಯ ಮಾತ್ರೆ" ಎಂದಿರುತ್ತಾರೆ. ಮೈ ಚೆನ್ನಾಗಿದೆ ಎನಿಸಿದಾಗ ಹುಡುಗ ಬಿಟ್ಟುಬಿಡುತ್ತಾನೆ. ಹಾಸ್ಟೆಲ್‌ನಲ್ಲಿ ಗೆಳತಿಯರು ಕೇಳಿಯಾರೆಂದು ಹುಡುಗಿ ಡಬ್ಬಿ ಬಚ್ಚಿಡುತ್ತಾಳೆ. ತಂದೆತಾಯಿಯಿಲ್ಲದ ಮಗುವನ್ನು ಚಿಕಿತ್ಸೆಗೆ ಕರೆದೊಯ್ದರೆ ಅಜ್ಜಿಯ ಒಂದು ದಿನದ ಕೂಲಿ ಹೋಗುತ್ತದೆ.

ಮೂವರದೂ ದಾಖಲೆಯಲ್ಲಿ ಒಂದೇ ಸಾಲು. ಬೇಕಾದ ನೆರವು ಮಾತ್ರ ಬೇರೆ ಬೇರೆ. ಮೊದಲನೆಯವನಿಗೆ ಸತ್ಯವನ್ನು ಹಂತಹಂತವಾಗಿ ತಿಳಿಸುವ ಆಪ್ತಸಮಾಲೋಚಕರು ಬೇಕು. ಶಾಲಾ ವಯಸ್ಸಿನ ಮಕ್ಕಳಿಗೆ ಅವರ ಸ್ಥಿತಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಸಲಹೆ ನೀಡಿದೆ. ಹುಡುಗಿಗೆ ಬೀಗ ಹಾಕಬಹುದಾದ ಒಂದು ಪೆಟ್ಟಿಗೆ ಬೇಕು. ಅಜ್ಜಿಗೆ ಬಸ್ ಚಾರ್ಜು, ಅಂದಿನ ಕೂಲಿ ಬೇಕು. ಕೇಳದೆ ಮೂವರಿಗೂ ಸ್ಕೂಲ್ ಬ್ಯಾಗ್ ಹಂಚಿದರೆ ನಮ್ಮ ಲೆಕ್ಕ ಸರಿಹೋದೀತು, ಮಾತ್ರೆ ತಪ್ಪುತ್ತಲೇ ಇರುತ್ತದೆ.

ಈ ಲೇಖನದ ಜೊತೆ ಯಾವ ಮಗುವಿನ ಚಿತ್ರವೂ ಇಲ್ಲದಿರುವುದನ್ನು ತಾವು ಗಮನಿಸಿರಬಹುದು. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನು ಭಾರತದ 2017ರ ಎಚ್.ಐ.ವಿ. ಕಾಯ್ದೆ ತಡೆಯುತ್ತದೆ. ಕಾಯ್ದೆ ಇರದಿದ್ದರೂ ನಾವು ಹಾಕುತ್ತಿರಲಿಲ್ಲ. ನಮ್ಮೂರಿನವರೇ ಈ ಸಂಚಿಕೆ ಓದುತ್ತಾರಲ್ಲವೇ?

ಮುಖ ಕಾಣದ ಮಕ್ಕಳಿಗಾಗಿ ಕೈಜೋಡಿಸಿರೆಂದು ಕೇಳುವುದು ಸುಲಭವಲ್ಲ. ಆದರೂ ತಮ್ಮ ಮೇಲಿನ ನಂಬಿಕೆಯಿಂದ ಕೇಳುತ್ತಿದ್ದೇವೆ. ದೇಣಿಗೆಯ ಒಂದು ಪಾಲನ್ನು ಆ ಮಕ್ಕಳ ಮಾತು ಕೇಳುವ ಕೆಲಸಕ್ಕೂ ಮೀಸಲಿಡಲು ಒಪ್ಪಿಗೆ ಕೊಡಿ.