ಹತ್ತು ಸಮಸ್ತರ ಸಭೆ

ನಮ್ಮ ನಾಡಿನ ಹಳ್ಳಿಗಳಲ್ಲಿ ಊರಿನ ಕೆಲಸವೊಂದನ್ನು ನಿಶ್ಚಯಿಸಬೇಕಾದಾಗ ‘ಹತ್ತು ಸಮಸ್ತರು’ ಸೇರುವುದು ವಾಡಿಕೆ. ಕೆರೆಯ ಹೂಳು ತೆಗೆಸುವುದಿರಲಿ, ಜಾತ್ರೆಯ ದಿನ ಗೊತ್ತುಮಾಡುವುದಿರಲಿ, ಅರಳಿಕಟ್ಟೆಯ ಮೇಲೆ ಮಾತಾದ ನಂತರವೇ ಅದು ಊರಿನ ತೀರ್ಮಾನವೆನಿಸುತ್ತಿತ್ತು. ಆ ಕಟ್ಟೆಯ ಮೇಲೆ ಎಲ್ಲರಿಗೂ ಸ್ಥಾನವಿರಲಿಲ್ಲ, ಹೆಂಗಸರೂ ಊರಾಚೆಯ ಕೇರಿಯವರೂ ದೂರದಲ್ಲಿಯೇ ಉಳಿಯುತ್ತಿದ್ದರು ಎಂಬುದನ್ನು ಮರೆಯಲಾಗದು. ಆದರೂ ಊರಿನ ಹೊಣೆ ಊರವರದೇ ಎಂಬ ನಂಬಿಕೆ ಆ ಮಾತಿನಲ್ಲಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸಣ್ಣ ಪಟ್ಟಣವೊಂದರಲ್ಲಿ ನೆಲೆಸಿರುವ ನನಗೆ, ಇಲ್ಲಿಯ ‘ಟೌನ್ ಮೀಟಿಂಗ್’ ಎಂಬ ಊರಸಭೆಯನ್ನು ಕಂಡಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಮ್ಯಾಸಚೂಸೆಟ್ಸಿನಲ್ಲಿ ೩೫೧ ನಗರ ಮತ್ತು ಪಟ್ಟಣಗಳಿವೆ. ಪಟ್ಟಣಗಳಲ್ಲಿ ಹೆಚ್ಚಿನವು ಇಂದಿಗೂ ವಸಾಹತು ಕಾಲದಿಂದ ಬಂದ ಊರಸಭೆಯ ಪದ್ಧತಿಯನ್ನೇ ಉಳಿಸಿಕೊಂಡಿವೆ. ಆರು ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣದಲ್ಲಿ ಈ ಸಭೆ ಎಲ್ಲ ಮತದಾರರಿಗೂ ತೆರೆದಿರಲೇಬೇಕು. ಅಲ್ಲಿ ಪ್ರತಿಯೊಬ್ಬ ಮತದಾರನೂ ಶಾಸಕನೇ. ದಿನನಿತ್ಯದ ಆಡಳಿತವನ್ನು ಚುನಾಯಿತ ‘ಸೆಲೆಕ್ಟ್ ಬೋರ್ಡ್’ ನೋಡಿಕೊಂಡರೂ, ಶಾಲೆಗೆಷ್ಟು, ರಸ್ತೆಗೆಷ್ಟು, ಗ್ರಂಥಾಲಯಕ್ಕೆಷ್ಟು ಎಂದು ಹಣ ಮಂಜೂರು ಮಾಡುವ ಅಧಿಕಾರ ಸಭೆಗೆ ಮಾತ್ರ ಸೇರಿದ್ದು. ಕಾರ್ಯಸೂಚಿಯನ್ನು ‘ವಾರಂಟ್’ ಎನ್ನುತ್ತಾರೆ. ವಾರ್ಷಿಕ ಸಭೆಯ ವಾರಂಟಿನಲ್ಲಿ ವಿಷಯವೊಂದನ್ನು ಸೇರಿಸಲು ಹತ್ತು ನೋಂದಾಯಿತ ಮತದಾರರ ಸಹಿ ಇದ್ದರೆ ಸಾಕು. ‘ಹತ್ತು ಸಮಸ್ತರು’ ಎಂಬ ನಮ್ಮ ನುಡಿಗಟ್ಟು ಇಲ್ಲಿ ಅಕ್ಷರಶಃ ಕಾನೂನಾಗಿದೆ!

ಇಂತಹ ಸಭೆಯ ಶಕ್ತಿಯನ್ನು ತಿಳಿಯಬೇಕಾದರೆ ಕಾಂಕರ್ಡ್ ಪಟ್ಟಣವನ್ನು ನೋಡಬೇಕು. ಗಾಂಧೀಜಿಯವರು ಮೆಚ್ಚಿ ಓದಿದ ಥೋರೋ ಹುಟ್ಟಿ ಬಾಳಿದ ಊರದು. ಎಂಬತ್ತು ದಾಟಿದ ಜೀನ್ ಹಿಲ್ ಎಂಬ ಮಹಿಳೆ, ನೀರು ತುಂಬಿದ ಸಣ್ಣ ಪ್ಲಾಸ್ಟಿಕ್ ಬಾಟಲಿಗಳ ಮಾರಾಟವನ್ನು ಊರಿನಲ್ಲಿ ನಿಲ್ಲಿಸಬೇಕೆಂದು ಹಟ ತೊಟ್ಟರು. ೨೦೧೦ರಲ್ಲಿ ಸಭೆ ಒಪ್ಪಿತಾದರೂ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಅನುಮೋದನೆ ದೊರೆಯಲಿಲ್ಲ. ೨೦೧೧ರಲ್ಲಿ ಕೇವಲ ಏಳು ಮತಗಳಿಂದ ಸೋಲಾಯಿತು. ೨೦೧೨ರಲ್ಲಿ ೪೦೩ಕ್ಕೆ ೩೬೪ ಮತಗಳಿಂದ ಗೆಲುವು ಲಭಿಸಿ, ೨೦೧೩ರ ಜನವರಿ ೧ರಿಂದ ನಿಷೇಧ ಜಾರಿಗೆ ಬಂದಿತು. ಅದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಹಣಬಲವಿಲ್ಲದ ಒಬ್ಬ ಅಜ್ಜಿ ಮೂರು ವರ್ಷ ಪಟ್ಟುಬಿಡದೆ ಊರನ್ನು ಒಪ್ಪಿಸಿದ್ದು ಇಲ್ಲಿ ಮುಖ್ಯ.

ನಮ್ಮ ಊರಿನ ಕಥೆ ಇಷ್ಟು ದೊಡ್ಡದಲ್ಲ. ನಮ್ಮ ಬಡಾವಣೆಯಿಂದ ಗ್ರಂಥಾಲಯಕ್ಕೆ ಮುಕ್ಕಾಲು ಮೈಲಿ. ನಡುವೆ ಕಾಲುದಾರಿಯಿರಲಿಲ್ಲ. ಬೇಸಿಗೆಯಲ್ಲಿ ಕರ್ನಾಟಕದಿಂದ ಬರುವ ತಂದೆತಾಯಿಗಳು ರಸ್ತೆಯಂಚಿನ ಬಿಳಿಗೆರೆಯ ಮೇಲೆಯೇ ವಾಯುಸೇವನೆಗೆ ಹೋಗುತ್ತಿದ್ದರು. ಒಂದು ಸಂಜೆ ಕಾರೊಂದರ ಕನ್ನಡಿ ತಗುಲಿ ಹಿರಿಯರೊಬ್ಬರ ಭುಜಕ್ಕೆ ಪೆಟ್ಟಾಯಿತು. ಅಂದಿನಿಂದ ಹಲವು ಹಿರಿಯರು ಮನೆಯೊಳಗೇ ಉಳಿದರು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಕಿಟಕಿಯೇ ಅವರ ಸಂಗಾತಿ.

ನಾವು ಐದು ಕನ್ನಡ ಕುಟುಂಬಗಳು ಅರ್ಜಿ ಬರೆದೆವು. ನಮ್ಮಲ್ಲಿ ಮತದಾರರು ನಾಲ್ವರೇ. ಉಳಿದವರು ಗ್ರೀನ್ ಕಾರ್ಡಿನವರು ಅಥವಾ ವೀಸಾದವರು. ಆರು ಸಹಿಗಳಿಗಾಗಿ ನೆರೆಮನೆಗಳ ಬಾಗಿಲು ತಟ್ಟಿದೆವು. ಮಗನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದ ತಾಯಿಯೊಬ್ಬರು ಮೊದಲ ಸಹಿ ಹಾಕಿ, ಮತ್ತೆ ಮೂರು ಮನೆಗಳಿಗೆ ತಾವೇ ಕರೆದೊಯ್ದರು.

ಆದರೆ ಸಭೆಯ ದಾರಿ ಸುಗಮವಾಗಿರಲಿಲ್ಲ. ೧೯೮೦ರಲ್ಲಿ ಮತದಾರರೇ ಅಂಗೀಕರಿಸಿದ ರಾಜ್ಯದ ಕಾನೂನಿನಂತೆ, ಹೊಸ ಕಟ್ಟಡಗಳಿಂದ ಬರುವ ತೆರಿಗೆಯನ್ನು ಬಿಟ್ಟರೆ, ಪಟ್ಟಣವೊಂದರ ಆಸ್ತಿತೆರಿಗೆಯ ಒಟ್ಟು ಮಿತಿ ವರ್ಷಕ್ಕೆ ಶೇಕಡಾ ಎರಡೂವರೆಗಿಂತ ಹೆಚ್ಚು ಏರುವಂತಿಲ್ಲ. ಏರಿಸಬೇಕಾದರೆ ಪ್ರತ್ಯೇಕ ಮತದಾನವಾಗಬೇಕು. ಆದ್ದರಿಂದ ಕಾಲುದಾರಿಗೆ ಹಾಕುವ ಹಣ ಶಾಲೆಯ ಒಬ್ಬ ಉಪಾಧ್ಯಾಯರ ಸಂಬಳವೂ ಆಗಬಹುದೆಂದು ಹಣಕಾಸು ಸಮಿತಿ ಎಚ್ಚರಿಸಿತು. ಹಳೆಯ ಕಲ್ಲುಗೋಡೆಗಳೂ ಮರಗಳೂ ಹೋಗುವುವೆಂದು ರಸ್ತೆಬದಿಯ ಮನೆಯವರು ಆಕ್ಷೇಪಿಸಿದರು. ಎರಡೂ ತೂಕದ ಮಾತುಗಳೇ. ಮೊದಲ ವರ್ಷ ಸಭೆ ಅಳತೆ ಮತ್ತು ನಕ್ಷೆಗೆ ಮಾತ್ರ ಹಣ ಕೊಟ್ಟಿತು.

ಎರಡನೆಯ ವರ್ಷ ತಿಪಟೂರಿನಲ್ಲಿ ಶಿಕ್ಷಕಿಯಾಗಿದ್ದ ನಮ್ಮ ಅತ್ತೆಯವರು ಸಭೆಗೆ ಬಂದಿದ್ದರು. ಮತದಾರರಲ್ಲದವರು ಬೇರೆಯಾಗಿ ಕುಳಿತುಕೊಳ್ಳಬೇಕು. ಅನುಮತಿ ದೊರೆತರೆ ಮಾತನಾಡಬಹುದು. ಅಧ್ಯಕ್ಷತೆ ವಹಿಸಿದ್ದ ಮಾಡರೇಟರ್ ಅನುಮತಿಯಿತ್ತರು. “ನಾನು ಆರು ತಿಂಗಳ ಅತಿಥಿ. ಆದರೆ ನನ್ನ ಮೊಮ್ಮಕ್ಕಳು ಈ ಊರಿನ ಮಕ್ಕಳು. ಅವರ ಕೈಹಿಡಿದು ನಿಮ್ಮ ಗ್ರಂಥಾಲಯಕ್ಕೆ ನಡೆದುಹೋಗುವ ಆಸೆ ನನಗಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತರು. ಮತದಾರರು ಬಣ್ಣದ ಚೀಟಿಗಳನ್ನು ಎತ್ತಿದರು. ಕಲ್ಲುಗೋಡೆಗಳನ್ನು ಉಳಿಸಿಕೊಂಡು, ರಸ್ತೆಯ ಒಂದೇ ಬದಿಯಲ್ಲಿ, ಅರ್ಧ ದೂರದವರೆಗೆ ಮಂಜೂರಾತಿ ದೊರೆಯಿತು. ಉಳಿದರ್ಧಕ್ಕೆ ಮತ್ತೊಂದು ಅರ್ಜಿ ಸಿದ್ಧವಾಗುತ್ತಿದೆ. ಈ ಬಾರಿ ಅದನ್ನು ಬರೆಯುತ್ತಿರುವವರು ನೆರೆಯ ಅಮೆರಿಕನ್ನರು.

ಸ್ಥಳೀಯ ಸ್ವರಾಜ್ಯವು ಕನ್ನಡಿಗರಿಗೆ ಹೊಸ ಪಾಠವೇನಲ್ಲ. ೧೮೮೧ರಲ್ಲಿಯೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ, ಜನರು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದ ಅಬ್ದುಲ್ ನಜೀರ್ ಸಾಬರ ದೂರದೃಷ್ಟಿಯಿಂದ ೧೯೮೩ರ ಪಂಚಾಯತಿ ಶಾಸನ ರೂಪುಗೊಂಡಿತು. ಅದರಡಿಯಲ್ಲಿ ೧೯೮೭ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ಮಹಿಳೆಯರಿಗೆ ಶೇಕಡಾ ೨೫ ಸ್ಥಾನಗಳು ಮೀಸಲಾದವು. ಇಡೀ ದೇಶಕ್ಕೆ ೭೩ನೆಯ ಸಂವಿಧಾನ ತಿದ್ದುಪಡಿ ಅನ್ವಯವಾದದ್ದು ೧೯೯೩ರಲ್ಲಿ. ಅರಳಿಕಟ್ಟೆಯಿಂದ ದೂರವಿದ್ದವರನ್ನು ಒಳಗೆ ಕರೆತಂದ ಹೆಗ್ಗಳಿಕೆ ನಮ್ಮ ನಾಡಿನದು.

ಆದರೆ ಹೊರನಾಡಿನಲ್ಲಿ ನಮ್ಮ ಸಾರ್ವಜನಿಕ ಜೀವನವೆಲ್ಲ ಕನ್ನಡ ಕೂಟದ ಸುತ್ತಲೇ ತಿರುಗುತ್ತದೆ. ಯುಗಾದಿ, ರಾಜ್ಯೋತ್ಸವಗಳಿಗೆ ಐವತ್ತು ಮೈಲಿ ಕಾರು ಓಡಿಸುವ ನಾವು, ಐದು ನಿಮಿಷದ ದೂರದಲ್ಲಿರುವ ಪುರಭವನದ ಮೆಟ್ಟಿಲು ಹತ್ತುವುದು ಅಪರೂಪ. ಕೂಟ ಬೇಕೇ ಬೇಕು. ನುಡಿ ಉಳಿಯುವುದು ಅಲ್ಲಿಯೇ. ಆದರೆ ನಮ್ಮ ಮಕ್ಕಳು ಓದುವ ಶಾಲೆಯ ಆಯವ್ಯಯವೂ, ನಮ್ಮ ಹಿರಿಯರು ನಡೆಯುವ ದಾರಿಯೂ ತೀರ್ಮಾನವಾಗುವುದು ಆ ಪುರಭವನದಲ್ಲಿ. ಮತದ ಹಕ್ಕಿಲ್ಲದವರಿಗೂ ಅಲ್ಲಿ ಕೇಳುವುದಕ್ಕೆ ಸ್ಥಳವಿದೆ.

ಸಮ್ಮೇಳನ ಮುಗಿಸಿ ತಮ್ಮ ತಮ್ಮ ಊರುಗಳಿಗೆ ಮರಳುವ ಬಂಧುಗಳಲ್ಲಿ ನನ್ನದೊಂದು ಅರಿಕೆ. ತಮ್ಮ ಊರಿನ ಮುಂದಿನ ಸಭೆಯ ದಿನಾಂಕವನ್ನು ತಿಳಿದುಕೊಳ್ಳಿ. ಮತದಾರರಾಗಲು ಅರ್ಹರಾಗಿದ್ದರೆ ಹೆಸರು ನೋಂದಾಯಿಸಿಕೊಳ್ಳಿ. ಹತ್ತು ಸಮಸ್ತರಲ್ಲಿ ಒಬ್ಬರು ಕನ್ನಡಿಗರಾಗಿರಲಿ.