ಕಡಲ ಹೆಬ್ಬಾಗಿಲ ಕಾವಲು

ತೀರವುಳ್ಳ ರಾಷ್ಟ್ರಕ್ಕೆ ಸಮುದ್ರವೇ ಹೆಬ್ಬಾಗಿಲು. ಆ ಬಾಗಿಲಲ್ಲಿ ಬಂದುಹೋಗುವವರನ್ನು ವಿಚಾರಿಸುವ ಅಧಿಕಾರವು ಮನೆಯೊಡೆಯನದೇ ಹೊರತು ಪರರದಲ್ಲ. ಹದಿನಾರನೆಯ ಶತಮಾನದಲ್ಲಿ ಈ ನ್ಯಾಯವು ತಲೆಕೆಳಗಾಗಿತ್ತು. ಪಶ್ಚಿಮ ಕರಾವಳಿಯ ವರ್ತಕರು ಪೋರ್ಚುಗೀಸರಿಗೆ ಹಣ ತೆತ್ತು ‘ಕರ್ತಾಜ್’ ಎಂಬ ರಹದಾರಿಯನ್ನು ಪಡೆಯದಿದ್ದರೆ, ತಮ್ಮ ಕಡಲಿನಲ್ಲಿಯೇ ಅವರ ಹಡಗು ಸರಕುಸಹಿತವಾಗಿ ಪರರ ಪಾಲಾಗುತ್ತಿತ್ತು. ಉಳ್ಳಾಲದ ರಾಣಿ ಅಬ್ಬಕ್ಕನು ಹೋರಾಡಿದುದು ಆ ದರ್ಪದೊಡನೆಯೇ. ಈಗ ಕಾಲವು ತಿರುಗಿದೆ. 1976ರ ಶಾಸನದ ಮೇರೆಗೆ ತೀರದಿಂದ 12 ನಾವಿಕ ಮೈಲಿಗಳವರೆಗಿನ ಜಲಪ್ರದೇಶವು ಭಾರತದ ಪ್ರಭುತ್ವಕ್ಕೆ ಒಳಪಟ್ಟಿದೆ. ಪರದೇಶದ ವಾಣಿಜ್ಯ ನೌಕೆಗೆ ಅಲ್ಲಿ ನಿರುಪದ್ರವಿಯಾಗಿ ಹಾದುಹೋಗುವ ಹಕ್ಕುಂಟು, ಉಪದ್ರವವೆಸಗುವ ಹಕ್ಕಿಲ್ಲ.

ಈ ವಿಚಾರಣೆಯ ಕ್ರಮವೇನೆಂಬುದನ್ನು ವಾಚಕರು ಅರಿತಿರುವುದು ಒಳ್ಳೆಯದು. 2001ರ ಸೆಪ್ಟೆಂಬರ್ 11ರಂದು ಅಮೆರಿಕೆಯಲ್ಲಿ ನಡೆದ ಘೋರ ಕೃತ್ಯದ ತರುವಾಯ, 2002ರ ಡಿಸೆಂಬರಿನಲ್ಲಿ ರಾಷ್ಟ್ರಗಳು ಲಂಡನ್ನಿನಲ್ಲಿ ನೆರೆದು ಹಡಗು ಮತ್ತು ಬಂದರುಗಳ ರಕ್ಷಣಾ ಸಂಹಿತೆಯೊಂದನ್ನು ಅಂಗೀಕರಿಸಿದುವು. ಅದು 2004ರ ಜುಲೈ 1ರಿಂದ ಜಾರಿಯಲ್ಲಿದೆ. ದೇಶದೇಶಗಳ ನಡುವೆ ಸಂಚರಿಸುವ ಪ್ರಯಾಣಿಕರ ಹಡಗುಗಳೂ, 500 ಟನ್ನು ಮತ್ತು ಅದಕ್ಕೆ ಮೇಲ್ಪಟ್ಟ ಸರಕಿನ ಹಡಗುಗಳೂ ಅದಕ್ಕೆ ಬದ್ಧವಾಗಿವೆ. ಪ್ರತಿಯೊಂದು ಹಡಗಿನಲ್ಲಿಯೂ ರಕ್ಷಣಾಧಿಕಾರಿಯಿರಬೇಕು. ಅಪಾಯದ ತಾರತಮ್ಯವನ್ನನುಸರಿಸಿ ಮೂರು ಹಂತಗಳ ಎಚ್ಚರಿಕೆಯಿರಬೇಕು. ದಾಳಿಯಾದಲ್ಲಿ ಸದ್ದಿಲ್ಲದೆ ದಡಕ್ಕೆ ಮೊರೆಯಿಡುವ ಯಂತ್ರವಿರಬೇಕು. ಬಂದರನ್ನು ಪ್ರವೇಶಿಸುವ ಮೊದಲೇ, ಹಿಂದೆ ತಂಗಿದ ಹತ್ತು ತಾಣಗಳ ವಿವರವನ್ನು ಕೇಳುವ ಹಕ್ಕು ಬಂದರಿನ ಸರಕಾರಕ್ಕೆ ಇದೆ. 300 ಟನ್ನು ಮತ್ತು ಮೇಲ್ಪಟ್ಟ ಇಂತಹ ಸರಕಿನ ಹಡಗು ತಾನಿರುವ ಸ್ಥಾನವನ್ನು ದಿನಕ್ಕೆ ನಾಲ್ಕಾವರ್ತಿ ಉಪಗ್ರಹದ ಮೂಲಕ ವರದಿ ಮಾಡಬೇಕು. ಪಣಂಬೂರಿನ ನವಮಂಗಳೂರು ಬಂದರಿಗೆ ಪರದೇಶದಿಂದ ಕಚ್ಚಾ ತೈಲವನ್ನು ತರುವ ಹಡಗೂ ಈ ನಿಯಮಗಳಿಗೆ ಹೊರತಲ್ಲ.

ಇವೆಲ್ಲವೂ ಯೋಗ್ಯವಾದುವೇ. ಆದರೆ ಸಂಹಿತೆಯು ಹಡಗನ್ನು ಟನ್ನಿನಿಂದ ಅಳೆಯುತ್ತದೆ. ಅಪಾಯವು ಟನ್ನಿನ ಲೆಕ್ಕವನ್ನು ನೋಡಿ ಬರುವುದಿಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯನ್ನು ಹೊಕ್ಕ ಹತ್ತು ಮಂದಿ ಘಾತುಕರು ದೊಡ್ಡ ಹಡಗಿನಲ್ಲಿ ದಡ ಸೇರಲಿಲ್ಲ. ‘ಕುಬೇರ’ ಎಂಬ ಮೀನುಗಾರರ ಬೋಟನ್ನು ನಡುಗಡಲಿನಲ್ಲಿ ಅಪಹರಿಸಿ, ಅದರ ತಂಡೇಲನನ್ನು ಕೊಂದು, ಕೊನೆಗೆ ರಬ್ಬರಿನ ದೋಣಿಯಲ್ಲಿ ದಡಕ್ಕೆ ಬಂದರು. 160ಕ್ಕೂ ಹೆಚ್ಚು ಜನರು ಅಸುನೀಗಿದರು. ದೊಡ್ಡ ಹಡಗುಗಳ ವಿಷಯದಲ್ಲಿಯಾದರೂ ಕಾವಲು ತಪ್ಪದೆಂದು ನಂಬುವಂತಿತ್ತೇ? ಒಮಾನಿನ ಬಳಿ ನಾವಿಕರು ತೊರೆದುಹೋದ ‘ಪವಿತ್’ ಎಂಬ ತೈಲದ ಹಡಗು ಒಂದು ತಿಂಗಳು ತೇಲುತ್ತ ಬಂದು, 2011ರ ಜುಲೈ 31ರಂದು ಮುಂಬಯಿಯ ಜುಹೂ ತೀರದ ಮರಳಿಗೆ ಸಿಕ್ಕಿಕೊಂಡಿತು. ಆಳಿಲ್ಲದ ಹಡಗಿನಿಂದ ವರದಿ ಮಾಡುವವರು ಯಾರು? ಕಾಗದದಲ್ಲಿರುವ ನಿಯಮಕ್ಕೆ ತಾನಾಗಿ ಕಣ್ಣು ಮೂಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ನಿಯಮದ ಹೊರಗುಳಿದ ಸಣ್ಣ ಬೋಟಿನವನು ಅದರ ಆಶ್ರಯದಿಂದಲೂ ಹೊರಗುಳಿಯುತ್ತಾನೆ. 2018ರ ಡಿಸೆಂಬರಿನಲ್ಲಿ ಏಳು ಮಂದಿ ಮೀನುಗಾರರೊಡನೆ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ವು ಕಣ್ಮರೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಕರಾವಳಿಯಾಚೆ ನೀರಿನ ತಳದಲ್ಲಿ ನೌಕಾಪಡೆಗೆ ಗೋಚರಿಸಿದುದು 2019ರ ಮೇ ತಿಂಗಳಿನಲ್ಲಿ. ನಡುವಿನ ತಿಂಗಳುಗಳಲ್ಲಿ ಆ ಏಳು ಮನೆಗಳವರು ಪಟ್ಟ ಸಂಕಟವನ್ನು ಯಾವ ಸರಕಾರಿ ವರದಿಯೂ ಅಳೆಯಲಾರದು.

ಆದುದರಿಂದ 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಕೇಂದ್ರ ಸರಕಾರವು ಆರಂಭಿಸಿದ, ಒಂದು ಲಕ್ಷ ಮೀನುಗಾರಿಕಾ ಬೋಟುಗಳಿಗೆ ಸಂಪರ್ಕಯಂತ್ರಗಳನ್ನು ಒದಗಿಸುವ ಯೋಜನೆಯನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಅಧಿಕಾರಿವರ್ಗಕ್ಕೆ ಒಂದು ಮಾತನ್ನು ಅರಿಕೆ ಮಾಡದಿರಲಾರೆವು. ಆ ಯಂತ್ರವು ಬೆಸ್ತನನ್ನು ಕಾಯುವ ಸಾಧನವಾಗಬೇಕೇ ಹೊರತು ಆತನನ್ನು ಕಾಡುವ ಸಾಧನವಾಗಬಾರದು. ಗುರುತಿನ ಚೀಟಿಯ ತಪಾಸಣೆಯು ಕಿರುಕುಳಕ್ಕೆ ಇಳಿದರೆ, ಕರ್ತಾಜಿನ ಕಾಲವೇ ಹೊಸ ವೇಷದಲ್ಲಿ ಮರಳಿತೆಂದು ಜನರು ಬಗೆದಾರು. ಅಪರಿಚಿತ ಹಡಗನ್ನು ಮೊದಲು ಕಾಣುವ ಕಣ್ಣು ರಾಡಾರಿನದಲ್ಲ, ನಸುಕಿನಲ್ಲಿ ಬಲೆಯೆಳೆಯುವ ಮೊಗವೀರನದು. ಆತನು ಕಂಡುದನ್ನು ನಿರ್ಭಯವಾಗಿ ಬಂದು ಹೇಳುವಂತಹ ಠಾಣೆಯೂ, ಹೇಳಿದುದನ್ನು ಆಲಿಸುವ ಅಧಿಕಾರಿಯೂ ದೊರೆತ ದಿನವೇ ನಮ್ಮ ಹೆಬ್ಬಾಗಿಲಿಗೆ ನಿಜವಾದ ಕಾವಲು ಬಂದಂತಾಗುವುದು.